ಅಳಿಯಂದಿರು ಇಳಿದ ಹೊತ್ತು

ಸುಳ್ಳು ಹೇಳುವುದು ಬೇರೆ, ಫಾರಂ ತುಂಬುವುದು ಬೇರೆ. ಮೊದಲನೆಯದಕ್ಕೆ ಧೈರ್ಯ ಬೇಕು. ಎರಡನೆಯದಕ್ಕೆ ನೀಲಿ ಪೆನ್ನು ಸಾಕು. ನೀರು ಸರಬರಾಜು ಕಚೇರಿಯ ಸ್ಟೋರ್‌ಕೀಪರ್, ಊರೆಲ್ಲ ‘ಸ್ಟೋರಪ್ಪ’ ಎಂದು ಕರೆಯುತ್ತಿದ್ದ ಆ ದುಂಡನೆಯ ಬೋಳುತಲೆಯ ನಲವತ್ನಾಲ್ಕರ ಮನುಷ್ಯ, ಜೀವಮಾನದಲ್ಲಿ ಮೊದಲನೆಯದನ್ನು ಮಾಡಿದವನಲ್ಲ. ಎರಡನೆಯದನ್ನು ಮಾಡಿ ಕೆಟ್ಟ.

ಊರಿಗೆ ಕುಡಿಯುವ ನೀರು ಕೊಡುವ ಜಲಾಶಯದ ತಳದಲ್ಲಿ ಒಂದು ತೂಬು. ಅದರ ಬಾಗಿಲು ನೆಟ್ಟಗಿದೆಯೇ, ಜಾಲರಿಗೆ ಕಸ ಕಟ್ಟಿದೆಯೇ ಎಂದು ಆಗಾಗ ನೋಡಬೇಕು. ಹಿಂದೆ ಅದಕ್ಕೊಬ್ಬ ಮನುಷ್ಯ ಮುಳುಗುತ್ತಿದ್ದ. ಆತ ನಿವೃತ್ತನಾದ ಮೇಲೆ ಆರು ವರ್ಷ ಯಾರೂ ಮುಳುಗಲಿಲ್ಲ. ಕಡತ ಮಾತ್ರ ಮುಳುಗಿತ್ತು. ಕೊನೆಗೆ ಕಚೇರಿ ಒಂದು ಯಂತ್ರ ತರಿಸಿತು. ಸೂಟ್‌ಕೇಸಿನಷ್ಟು ದೊಡ್ಡದು, ಹಳದಿ ಬಣ್ಣ, ಮುಂದೆ ಎರಡು ದೀಪದ ಕಣ್ಣು, ನಡುವೆ ಕ್ಯಾಮೆರಾ, ಸುತ್ತ ಆರು ಪುಟ್ಟ ಫ್ಯಾನು, ಹಿಂದೆ ನೂರು ಮೀಟರ್ ವೈರಿನ ಬಾಲ. ದಡದಲ್ಲಿ ಕೂತು ರಿಮೋಟಿನಿಂದ ನಡೆಸಿದರೆ ತಳದ ಚಿತ್ರವೆಲ್ಲ ಪರದೆಯ ಮೇಲೆ. ಕಚೇರಿಯವರು ಅದಕ್ಕೆ ‘ಆಮೆ’ ಎಂದು ಹೆಸರಿಟ್ಟರು. ಪೆಟ್ಟಿಗೆ ಬಿಚ್ಚುವ ಮಾತು ಬಂದಾಗ ಮಾತ್ರ ಎಲ್ಲರೂ ‘ಆಮೇಲೆ’ ಎಂದರು. ಪೆಟ್ಟಿಗೆ ಇದ್ದದ್ದು ಸ್ಟೋರಿನಲ್ಲಿ; ಆದ್ದರಿಂದ ತರಬೇತಿಗೂ ಸ್ಟೋರಪ್ಪನನ್ನೇ ಅಟ್ಟಿದರು.

ತರಬೇತಿ ಕೊಟ್ಟಾತ ಮೊದಲ ದಿನವೇ ಎಡಗೈ ಎತ್ತಿ ತೋರಿಸಿದ. ಕಿರುಬೆರಳಿನ ತುದಿ ಇರಲಿಲ್ಲ. “ಫ್ಯಾನು ನಿಂತಿದೆ ಅಂದ್ಕೊಂಡಿದ್ದೆ,” ಎಂದಷ್ಟೇ ಹೇಳಿದ. ಅಲ್ಲಿಂದ ಮುಂದೆ ಸ್ಟೋರಪ್ಪ ಆತ ಕೆಮ್ಮಿದ್ದನ್ನೂ ಬಿಡದೆ ಬರೆದುಕೊಂಡ. ಮುಟ್ಟುವ ಮೊದಲು ಮೋಟಾರು ಆಫ್. ಮುಚ್ಚಳದ ರಬ್ಬರು ಉಂಗುರಕ್ಕೆ ಗ್ರೀಸು. ಅದರ ಮೇಲೆ ಒಂದೇ ಒಂದು ಕೂದಲು ಬಿದ್ದರೂ ನೀರು ಒಳಗೆ ನುಗ್ಗೀತು. (ಈ ವಿಷಯದಲ್ಲಿ ಸ್ಟೋರಪ್ಪನಷ್ಟು ಅರ್ಹರು ಇಡೀ ಇಲಾಖೆಯಲ್ಲಿರಲಿಲ್ಲ, ಬೀಳಿಸುವುದಕ್ಕೆ ಅವನ ಬಳಿ ದಾಸ್ತಾನೇ ಇರಲಿಲ್ಲ.) ಯಂತ್ರ ಎಲ್ಲಾದರೂ ಸಿಕ್ಕಿಕೊಂಡರೆ ವೈರು ಹಿಡಿದು ಎಳೆಯಕೂಡದು, ಬಂದ ದಾರಿಯಲ್ಲೇ ಹಿಂದಿರುಗಬೇಕು. ನೀರಿನಲ್ಲಿ ಯಂತ್ರವಿದ್ದರೆ ಮನುಷ್ಯ ಇರಕೂಡದು.

ಈ ಕೊನೆಯ ನಿಯಮವನ್ನು ಸ್ಟೋರಪ್ಪ ಮನಸಾರೆ ಒಪ್ಪಿದ. ಯಂತ್ರ ಇಲ್ಲದಿದ್ದರೂ ಮನುಷ್ಯ ಇರಕೂಡದು ಎಂಬುದೇ ಅವನ ಅಭಿಪ್ರಾಯ. ಬಚ್ಚಲಲ್ಲಿ ತಲೆಗೆ ಒಂದು ಚೊಂಬು ಹೊಯ್ದುಕೊಳ್ಳುವಾಗಲೂ ಅವನು ಮೂಗು ಹಿಡಿಯುತ್ತಿದ್ದ. ಬಾಗಿಲಿಗೆ ಚಿಲಕವನ್ನೂ ಹಾಕುತ್ತಿರಲಿಲ್ಲ; ಹೆಚ್ಚುಕಮ್ಮಿಯಾದರೆ ಯಾರಾದರೂ ಒಳಗೆ ಬರಬೇಕಲ್ಲ!

ವಾಪಸು ಬಂದು, ವಾಲ್ವ್‌ಮನ್ನನ ಕೈಗೆ ವೈರು ಕೊಟ್ಟು, ಜಲಾಶಯದ ಅಂಚಿನಲ್ಲಿ ಆಮೆಯನ್ನು ನಲವತ್ತೇಳು ನಿಮಿಷ ಆಡಿಸಿ ನೋಡಿದ. ಸುಸೂತ್ರವಾಯಿತು. ಅದನ್ನು ದಾಖಲಿಸಬೇಕು, ದಾಖಲಿಸಲು ಯಂತ್ರಕ್ಕೆ ರಿಜಿಸ್ಟರೇ ಇಲ್ಲ. ಇದ್ದದ್ದು ಹಳೆಯ ‘ಮುಳುಗು ರಿಜಿಸ್ಟರ್’. ಇಳಿದವರ ಹೆಸರು ಎಂಬಲ್ಲಿ ‘ಆಮೆ’ ಎಂದು ಬರೆದರೆ ನೌಕರರ ಸಂಖ್ಯೆ ಎಲ್ಲಿ ಎಂದು ಮೇಲಿನವರು ವಾಪಸು ಕಳಿಸುತ್ತಾರೆ. ಸ್ಟೋರಪ್ಪ ಯೋಚಿಸಿ ತನ್ನ ಹೆಸರು, ತನ್ನ ಸಂಖ್ಯೆ ಬರೆದ. ಇಳಿದ ಹೊತ್ತು: 10.20. ಎದ್ದ ಹೊತ್ತು: 11.07. ಉಪಕರಣ: ವೈರು ಒಂದು. ದೇಹಸ್ಥಿತಿ: ಉತ್ತಮ, ಎಲ್ಲೂ ಸೋರಿಕೆ ಇಲ್ಲ. ಷರಾ: ಕೀಲುಗಳಿಗೆ ಗ್ರೀಸ್ ಹಚ್ಚಲಾಗಿದೆ.

ಮೂರನೆಯ ದಿನ ಆ ರಿಜಿಸ್ಟರಿನ ಮುಂದೆ ಬಂದು ನಿಂತವನು ಅವನ ಮಾವ.

ಆರು ವರ್ಷದ ಹಿಂದೆ ನಿವೃತ್ತನಾದ ಆ ಮುಳುಗುವ ಮನುಷ್ಯ ಈತನೇ. ಊರಿಗೆಲ್ಲ ‘ಮುಳುಗು ಮೇಸ್ತ್ರಿ’. ಸೊಂಟಕ್ಕೊಂದು ಹಗ್ಗ, ಎದೆಯಲ್ಲೊಂದು ಉಸಿರು, ಇಷ್ಟೇ ಬಂಡವಾಳದಲ್ಲಿ ಮೂವತ್ತೊಂದು ವರ್ಷ ಆ ತೂಬಿಗೆ ಇಳಿದು ಹತ್ತಿದವನು. ಒಂದೇ ಉಸಿರಿಗೆ ಎರಡು ನಿಮಿಷ ಹದಿನೈದು ಸೆಕೆಂಡು ಅವನ ದಾಖಲೆ. ಇಂಥವನ ಒಬ್ಬಳೇ ಮಗಳು ಬೋಲ್ಟು-ನಟ್ಟು ಎಣಿಸುವವನನ್ನು ಮೆಚ್ಚಿ ಮದುವೆಯಾದದ್ದು ಅವನಿಗೆ ನುಂಗಲಾರದ ತುತ್ತಾಗಿತ್ತು. ಹನ್ನೆರಡು ವರ್ಷದಲ್ಲಿ ಅಳಿಯನನ್ನು ಅವನು ಮನುಷ್ಯರ ಲಿಂಗದಲ್ಲಿ ಮಾತಾಡಿಸಿದ್ದಿಲ್ಲ. “ನಿನ್ನ ಸ್ಟೋರು ಬಂತಾ? ಊಟ ಮಾಡ್ತಾ? ಮಲಗ್ತಾ?” ಎಂದು ಮಗಳನ್ನು ಕೇಳುವುದು, ಎದುರಿಗೇ ಕೂತ ಸ್ಟೋರು ಗೋಡೆ ನೋಡುವುದು, ಹೀಗೆ ಸಂಸಾರ ನಡೆದಿತ್ತು.

ಪಿಂಚಣಿಗಾಗಿ ವರ್ಷಕ್ಕೊಮ್ಮೆ ‘ನಾನು ಬದುಕಿದ್ದೇನೆ’ ಎಂದು ಸಹಿ ಹಾಕಲು ಮೇಸ್ತ್ರಿ ಕಚೇರಿಗೆ ಬರುತ್ತಿದ್ದ. ಬಂದಾಗ ಹಳೆಯ ರಿಜಿಸ್ಟರನ್ನು ಬಿಡಿಸಿ ತನ್ನ ಕೊನೆಯ ಸಹಿಯನ್ನು ಒಮ್ಮೆ ನೋಡಿ ಹೋಗುವುದು ವಾಡಿಕೆ. ಈ ಸಲ ಬಿಡಿಸಿದ. ತನ್ನ ಸಹಿಯ ಕೆಳಗೆ ಇನ್ನೊಂದು ಹೆಸರು. ಅಳಿಯನದು! ನಲವತ್ತೇಳು ನಿಮಿಷ!

ಮೇಸ್ತ್ರಿಗೆ ಬದುಕಿದ್ದೇನೆಂದು ಸಹಿ ಹಾಕುವುದೇ ಮರೆತುಹೋಯಿತು.

ಅಂದು ಸಂಜೆ ಸ್ಟೋರಪ್ಪ ಮನೆಗೆ ಬರುವಷ್ಟರಲ್ಲಿ ಮಾವ ನಡುಮನೆಯಲ್ಲಿ ಎದ್ದು ನಿಂತಿದ್ದ. ಅಳಿಯ ಬಂದಾಗ ಅವನು ಎದ್ದದ್ದು ಅದೇ ಮೊದಲು.

“ಅಳಿಯಂದಿರು ಬಂದ್ರು! ಕುರ್ಚಿ ಹಾಕೇ ಮಗಳೇ!”

ಸ್ಟೋರಪ್ಪ ತಿರುಗಿ ನೋಡಿದ, ಹಿಂದೆ ಇನ್ಯಾರೋ ಅಳಿಯಂದಿರು ಬಂದಿರಬಹುದೆಂದು.

“ರಿಜಿಸ್ಟರ್ ನೋಡ್ದೆ,” ಎಂದ ಮೇಸ್ತ್ರಿ. “ಹನ್ನೆರಡು ವರ್ಷ ಒಂದ್ ಮಾತು ಹೇಳ್ಲಿಲ್ಲವಲ್ಲ ನೀವು! ಸಿಲಿಂಡರೂ ಇಲ್ಲ, ಬರೀ ಒಂದು ವೈರು ಅಂತ ಬರ್ದಿದೆ. ಗಾಳಿ ಆ ವೈರಲ್ಲೇ ಬರುತ್ತಾ?”

“ಎಲ್ಲಾ ಆ ವೈರಲ್ಲೇ ಬರೋದು ಮಾವ,” ಎಂದ ಸ್ಟೋರಪ್ಪ. ನಿಜವನ್ನೇ ಹೇಳಿದ.

“ಕೆಳಗೆ ಕಣ್ಣು ಕಾಣುತ್ತಾ?”

“ಎರಡು ದೀಪ ಇದೆಯಲ್ಲ.”

“ಚಳಿ ತಡೆಯೋಕೇ ಗ್ರೀಸು, ಅಲ್ವಾ? ನಾವು ಎಣ್ಣೆ ಹಚ್ಕೊಳ್ತಿದ್ವಿ. ಕಿವಿ ನೋಯಲ್ವಾ?”

“ಕಿವಿ ಇಲ್ಲವಲ್ಲ ಮಾವ.”

ಮೇಸ್ತ್ರಿ ದಂಗಾಗಿ ಮಗಳ ಕಡೆ ತಿರುಗಿದ. “ಕೇಳಿದ್ಯಾ? ನೀರಿಗಿಳಿದ್ರೆ ಕಿವಿ ಇದೆ ಅನ್ನೋದನ್ನೇ ಮರೀಬೇಕು. ಇದನ್ನ ಕಲಿಯೋಕೆ ನನಗೆ ಹತ್ತು ವರ್ಷ ಬೇಕಾಯ್ತು!”

ಆಗ ಸ್ಟೋರಪ್ಪನಿಗೆ ಎಲ್ಲ ಹೊಳೆಯಿತು. ಬಾಯಿ ತೆರೆದ. ಅಷ್ಟರಲ್ಲಿ ಮಾವ ಅವನ ಪಕ್ಕದಲ್ಲೇ ಊಟಕ್ಕೆ ಕೂತು, ತನ್ನ ತಟ್ಟೆಯಿಂದ ಮೀನಿನ ಒಳ್ಳೆಯ ತುಂಡನ್ನು ತೆಗೆದು ಅವನ ತಟ್ಟೆಗೆ ಹಾಕಿದ. ತೆರೆದ ಬಾಯಿಗೆ ಮೀನು ಹೋಯಿತು, ಮಾತು ಹೊರಬರಲಿಲ್ಲ.

“ಹೇಳ್ಬಿಡಿ ಅಪ್ಪಂಗೆ,” ಎಂದಳು ಹೆಂಡತಿ, ಪಾತ್ರೆ ತೊಳೆಯುತ್ತ. ಮೂಗು ಹಿಡಿದು ಸ್ನಾನ ಮಾಡುವವನ ಹೆಂಡತಿಗೆ ನಿಜ ಗೊತ್ತಿಲ್ಲದೆ ಇರುತ್ತದೆಯೇ? ಮತ್ತೆ ಒಂದು ತಟ್ಟೆ ತೊಳೆದು, “ನಾಳೆ ಹೇಳಿ,” ಎಂದಳು.

ನಾಳೆ ಭಾನುವಾರ. ಮೇಸ್ತ್ರಿ ಬೆಳಗ್ಗೆಯೇ ಬಂದು ಅಂಗಳದಲ್ಲಿ ಬಕೆಟ್ ತುಂಬಿಸಿಟ್ಟ. “ಅಳಿಯಂದಿರೇ, ಒಂದು ಸಲ ಮುಖ ಅದ್ದಿ. ನಿಮ್ಮ ಉಸಿರು ನೋಡೋ ಆಸೆ.”

ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕಾಂಪೌಂಡಿನ ಮೇಲೆ ಮೊಣಕೈ ಊರಿದ. ಸ್ಟೋರಪ್ಪ ಬಕೆಟ್ ನೋಡಿದ. ಬಕೆಟ್ ಅವನನ್ನು ನೋಡಿತು. ಮುಖ ಅದ್ದಿದ. ಹನ್ನೊಂದನೆಯ ಸೆಕೆಂಡಿಗೆ ಕಾರಂಜಿಯಂತೆ ಎದ್ದು, ಕೆಮ್ಮಿ, ಸೀನಿ, ಬಕೆಟ್ಟನ್ನು ಒದ್ದು ಉರುಳಿಸಿದ.

“ಹನ್ನೊಂದೇನಾ?” ಎಂದ ಪೋಸ್ಟ್‌ಮಾಸ್ಟರು.

“ನಿಮಗೇನ್ರೀ ಗೊತ್ತು, ಅಂಚೆಚೀಟಿಗೆ ಅಂಟು ಹಚ್ಚೋರಿಗೆ!” ಮೇಸ್ತ್ರಿ ಕೆರಳಿದ. “ನಿಜವಾದ ಮುಳುಗುಗಾರ ದಡದಲ್ಲಿ ಉಸಿರು ಖರ್ಚು ಮಾಡಲ್ಲ. ಕೆಮ್ಮು ನೋಡಿದ್ರಾ? ಎಂಥಾ ನಟನೆ! ತೋರಿಸ್ಕೊಳ್ಳೋ ಜಾತಿಯೇ ಅಲ್ಲ ಇವರದು.”

ಪೋಸ್ಟ್‌ಮಾಸ್ಟರು ಕೂಡಲೇ ಪಕ್ಷ ಬದಲಿಸಿ, ದನಿ ತಗ್ಗಿಸಿದ. “ಹಾಗಿದ್ರೆ ಒಂದು ಉಪಕಾರ ಆಗ್ಬೇಕಪ್ಪ. ನಾಲ್ಕು ವರ್ಷದ ಹಿಂದೆ ಜಲಾಶಯದ ಗೋಡೆ ಮೇಲೆ ನಿಂತು ಜೋರಾಗಿ ನಕ್ಕಾಗ ನನ್ನ ಹಲ್ಲಿನ ಸೆಟ್ಟು ನೀರಿಗೆ ಬಿತ್ತು. ಕಂಡ್ರೆ ತಂದ್ಕೊಡು.”

“ಅಂದ್ರೆ ನಾಲ್ಕು ವರ್ಷದಿಂದ ಊರೆಲ್ಲ ಕುಡೀತಿರೋದು ನಿಮ್ಮ ಹಲ್ಲು ತೊಳೆದ ನೀರಾ?” ಎಂದಳು ಸ್ಟೋರಪ್ಪನ ಹೆಂಡತಿ ಕಿಟಕಿಯಿಂದ. ಪೋಸ್ಟ್‌ಮಾಸ್ಟರು ಕಾಂಪೌಂಡಿನ ಆಚೆ ಮುಳುಗಿಹೋದ. ಅದೂ ಒಂದು ದಾಖಲೆಯೇ. ಆ ದಿನವೆಲ್ಲ ಏಳಲಿಲ್ಲ.

ಆದರೆ ಸುದ್ದಿಗೆ ಅಂಚೆಚೀಟಿ ಬೇಡವಲ್ಲ. ವಾರದೊಳಗೆ ಬೀದಿಯ ದರ್ಜಿ ಸ್ಟೋರಪ್ಪನ ಹೊಟ್ಟೆಯ ಅಳತೆ ಕೇಳಿದ, ‘ನೀರಿನ ಚಡ್ಡಿ’ಗೆ. ವಿಮೆಯವನು ಬಂದು, ಪಾಲಿಸಿಯ ಪುಟ ತಿರುವಿ, ವಿಷಾದದಿಂದ ಕೈಕುಲುಕಿ ಹೋದ. ದಿನವೂ ಸ್ಟೋರಪ್ಪ ‘ಇವತ್ತು ಹೇಳಿಬಿಡಬೇಕು’ ಎಂದುಕೊಂಡು ಹೊರಡುತ್ತಿದ್ದ. ದಿನವೂ ಮಾವ ಬಾಗಿಲಲ್ಲೇ ಹೆಗಲ ಮೇಲೆ ಕೈ ಹಾಕುತ್ತಿದ್ದ. ಆ ಕೈ ಬಲು ಭಾರ, ಬಲು ಬೆಚ್ಚಗೆ. ಹನ್ನೆರಡು ವರ್ಷ ಕಾದು ಸಿಕ್ಕಿದ ಕೈ. ಅದನ್ನು ತಾನಾಗಿ ಕೆಳಗಿಳಿಸಲು ಅವನಿಗೆ ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ದೊಡ್ಡ ಇಂಜಿನಿಯರು ತೂಬಿನ ತಪಾಸಣೆಗೆ ದಿನ ಗೊತ್ತುಮಾಡಿದ. ಇವನ ಮಾತಿನ ಧಾಟಿಯೇ ಒಂದು ಜಾರುಬಂಡೆ. ಮೇಲೆ ಶುರುವಾದ ಗರ್ಜನೆ ಕೆಳಗೆ ಬರುವಷ್ಟರಲ್ಲಿ ಕೋರಿಕೆಯಾಗಿರುತ್ತಿತ್ತು. “ಸ್ಟೋರಪ್ಪ! ಇದು ಆಗಲೇಬೇಕು! ಆಗ್ಬೇಕು. ಆಗ್ಬಹುದು ಅಲ್ವಾ?”

ಅಂದು ಜಲಾಶಯದ ಗೋಡೆಯ ಮೇಲೆ ಅರ್ಧ ಬೀದಿ ನೆರೆದಿತ್ತು. ಮಗಳೊಡನೆ ಬಂದ ಮೇಸ್ತ್ರಿ ತನ್ನ ಹಳೆಯ ಸೊಂಟದ ಹಗ್ಗ ತಂದಿದ್ದ. “ಇವತ್ತು ಅಳಿಯಂದಿರ ಹಗ್ಗ ನಾನೇ ಹಿಡಿಯೋದು!”

ಸ್ಟೋರಪ್ಪ ಯಾರ ಮುಖವನ್ನೂ ನೋಡದೆ ಕೊಡೆಯ ಕೆಳಗೆ ಕುರ್ಚಿ ಹಾಕಿ, ಪರದೆ ಜೋಡಿಸಿ, ರಬ್ಬರು ಉಂಗುರಕ್ಕೆ ಬೆರಳು ಸವರಿ, ಆಮೆಯನ್ನು ನೀರಿಗಿಳಿಸಿದ. ವಾಲ್ವ್‌ಮನ್ ಸುರುಳಿಯಿಂದ ವೈರು ಬಿಡತೊಡಗಿದ.

“ಬಟ್ಟೆ ಯಾವಾಗ ಬಿಚ್ಚೋದು?” ಎಂದ ಪೋಸ್ಟ್‌ಮಾಸ್ಟರು.

“ಸ್ವಲ್ಪ ತಡ್ಕೊಳ್ರೀ,” ಎಂದ ಮೇಸ್ತ್ರಿ. “ಆಮೆ ಮೊದಲು ಹೋಗಿ ದಾರಿ ನೋಡುತ್ತೆ. ಅಳಿಯಂದಿರು ಆಮೇಲೆ.”

ಪರದೆಯಲ್ಲಿ ಹಸಿರು ಕಪ್ಪಾಯಿತು, ಕಪ್ಪು ಕಂದಾಯಿತು. ನಾಲ್ಕು ಮೀಟರ್. ಏಳು. ಒಂಬತ್ತು. ಏನೋ ಕಬ್ಬಿಣದ ಸರಳು ಮಿಂಚಿ ಹೋಯಿತು. ಆಮೇಲೆ ಆಮೆ ಮುಂದೆ ಹೋಗಲಿಲ್ಲ, ಹಿಂದೆ ಬರಲಿಲ್ಲ. ಆರು ಫ್ಯಾನು ತಳದ ಕೆಸರನ್ನೆಲ್ಲ ಎಬ್ಬಿಸಿ ಪರದೆ ತುಂಬ ರಾಡಿ ಮಾಡಿದವು.

“ವೈರು ಬಿಗೀತಿದೆ,” ಎಂದ ವಾಲ್ವ್‌ಮನ್.

“ಎಳೀರಿ! ಎಳೀಲೇಬೇಕು! ಎಳೀಬಹುದು ಅಲ್ವಾ?” ಎಂದ ಇಂಜಿನಿಯರು.

“ಎಳೀಬಾರದು ಸಾರ್! ವೈರು ಕಿತ್ತು ಬಂದ್ರೆ ಆಮೆ ತೂಬಿನ ಬಾಯಲ್ಲೇ ಕೂರುತ್ತೆ. ಊರಿಗೆ ನೀರೇ ಇರಲ್ಲ,” ಎಂದ ಸ್ಟೋರಪ್ಪ.

“ಇಷ್ಟಕ್ಕೆಲ್ಲ ಯಾಕೆ ಗಾಬರಿ?” ಎಂದ ಮೇಸ್ತ್ರಿ, ಊರಿಗೆಲ್ಲ ಕೇಳುವಂತೆ. “ನಮ್ಮ ಅಳಿಯಂದಿರು ಇಳಿದು ಬಿಡಿಸ್ಕೊಂಡು ಬರ್ತಾರೆ. ನಲವತ್ತೇಳು ನಿಮಿಷದ ಗಂಡಸು!”

ಗೋಡೆಯ ಮೇಲಿದ್ದ ಕಣ್ಣೆಲ್ಲ ಕುರ್ಚಿಯ ಕಡೆ ತಿರುಗಿದವು. ಸ್ಟೋರಪ್ಪ ಕುರ್ಚಿಗೆ ಇನ್ನೂ ಗಟ್ಟಿಯಾಗಿ ಅಂಟಿಕೊಂಡ. ಮೇಸ್ತ್ರಿ ಬಗ್ಗಿ ಅವನ ಮುಖ ನೋಡಿದ. ಬೆವರು, ಬಿಳಿಚಿದ ತುಟಿ. ಮೇಸ್ತ್ರಿಯ ದನಿ ಮೆತ್ತಗಾಯಿತು.

“ಮೈ ಸರಿಯಿಲ್ವಾ? ಮೊದ್ಲೇ ಹೇಳ್ಬಾರ್ದಾ? ಕೂತಿರಿ. ನಾನಿಳೀತೀನಿ.”

ಅರವತ್ತಾರರ ಮುದುಕ ಹಗ್ಗವನ್ನು ಮಗಳ ಕೈಗೆ ಕೊಟ್ಟು ಅಂಗಿಯ ಗುಂಡಿ ಬಿಚ್ಚತೊಡಗಿದ. ಒಂದು, ಎರಡು, ಮೂರು. ಚಪ್ಪಲಿ ಬಿಟ್ಟು ಗೋಡೆಯ ಅಂಚಿಗೆ ಕಾಲಿಟ್ಟ.

ಸ್ಟೋರಪ್ಪ ಮೊದಲು ಮೋಟಾರು ಆಫ್ ಮಾಡಿದ. ಎರಡನೆಯದಾಗಿ ಕುರ್ಚಿಯಿಂದ ಹಾರಿ, ಮಾವನನ್ನು ಹಿಂದಿನಿಂದ ಸೊಂಟಕ್ಕೆ ತಬ್ಬಿ, ಇಬ್ಬರೂ ಗೋಡೆಯ ಮೇಲೆ ಉರುಳುವಂತೆ ಎಳೆದ.

“ಬಿಡಿ ಅಳಿಯಂದಿರೇ! ಮೆಷೀನು ಹೋಗುತ್ತೆ!”

“ಮೆಷೀನು ಹೋದ್ರೆ ಇನ್ನೊಂದು ತರಿಸ್ತೀನಿ ಮಾವ. ನೀವು ಹೋದ್ರೆ ಸ್ಟೋರಲ್ಲಿ ಬೇರೆ ಪೀಸ್ ಇಲ್ಲ!” ಸ್ಟೋರಪ್ಪ ಏದುಸಿರು ಬಿಡುತ್ತಿದ್ದ, ಆ ಉಸಿರಿನ ಜೊತೆಗೆ ಉಳಿದ ಮಾತೂ ಹೊರಬಂತು. “ನಾನು ಇಳಿದೇ ಇಲ್ಲ ಮಾವ. ಒಂದು ದಿನವೂ ಇಳಿದಿಲ್ಲ. ನನಗೆ ಈಜೋಕೇ ಬರಲ್ಲ. ಆ ನಲವತ್ತೇಳು ನಿಮಿಷ ಆಮೇದು. ನಾನು ಇಲ್ಲೇ ಕುರ್ಚಿ ಮೇಲಿದ್ದೆ.”

ಮೇಸ್ತ್ರಿ ಎದ್ದು ಕೂತ.

“ರಿಜಿಸ್ಟರಲ್ಲಿ ಸುಳ್ಳು ಬರೆದ್ರಾ?” ಎಂದ ಮೇಸ್ತ್ರಿ.

“ಸುಳ್ಳಲ್ಲ ಮಾವ. ಕಾಲಂ ಇರಲಿಲ್ಲ.”

ಮೇಸ್ತ್ರಿ ಮಗಳನ್ನು ನೋಡಿದ. ಅವಳು ಹಗ್ಗ ಹಿಡಿದುಕೊಂಡೇ, “ನನಗೂ ಗೊತ್ತಿತ್ತಪ್ಪ,” ಎಂದಳು. “ಮೊದಲನೇ ಸಲ ನೀವು ಅವರ ಪಕ್ಕ ಕೂತು ಊಟ ಮಾಡಿದ್ರಿ. ಹೇಳೋಕೆ ಬಾಯಿ ಬರಲಿಲ್ಲ.”

ಮೇಸ್ತ್ರಿ ಎಲ್ಲರಿಗೂ ಬೆನ್ನು ಹಾಕಿ ಕೂತು ಗುಂಡಿ ಹಾಕಿಕೊಳ್ಳತೊಡಗಿದ. ಮೊದಲನೆಯ ಗುಂಡಿಯನ್ನು ಎರಡನೆಯ ತೂತಿಗೆ ಹಾಕಿದ; ಮಿಕ್ಕವೂ ಅದನ್ನೇ ಅನುಸರಿಸಿದವು. ಸ್ಟೋರಪ್ಪನಿಗೆ ಆ ಅಂಗಿಯನ್ನು ನೋಡಲಾಗಲಿಲ್ಲ. ತಾನು ಮತ್ತೆ ‘ಅದು’ ಆಗುವುದು ಖಂಡಿತ ಎಂದುಕೊಂಡ. ‘ಅದು’ ಆದರೂ ಚಿಂತೆಯಿಲ್ಲ, ಈ ಬೆನ್ನು ಇತ್ತ ತಿರುಗಿದರೆ ಸಾಕು ಎನಿಸಿತು.

ಮೋಟಾರು ನಿಂತು ಐದಾರು ನಿಮಿಷವಾಗಿತ್ತು. ಕೆಳಗೆ ಕೆಸರು ಮೆಲ್ಲಗೆ ಕೂತಿತ್ತು. “ಏನೋ ಗಾಡಿ ಚಕ್ರ ಕಾಣ್ತಿದೆ,” ಎಂದ ವಾಲ್ವ್‌ಮನ್ ಪರದೆ ನೋಡಿ.

“ಚಕ್ರ ಅಲ್ಲ,” ಎಂದಿತು ಬೆನ್ನು. “ತೂಬಿನ ತಿರುಪು. ಏಳು ಕಡ್ಡಿ ಇರುತ್ತೆ. ಮೂರನೇದು ಮುರಿದಿದೆ.”

ವಾಲ್ವ್‌ಮನ್ ಎಣಿಸಿದ. ಏಳು. ಮೂರನೆಯದು ಮುರಿದಿತ್ತು.

ಮೇಸ್ತ್ರಿ ತಿರುಗಿದ. ಎದ್ದು ಬಂದು ಪರದೆಯ ಮುಂದೆ ಮಂಡಿಯೂರಿದ. ಮೂಗು ಗಾಜಿಗೆ ತಾಗುವಷ್ಟು ಬಗ್ಗಿದ.

“ಇದೇನಾ ಅದು?” ಎಂದ ಕೊನೆಗೆ. “ಇಷ್ಟು ಚಿಕ್ಕದಾ?”

“ನೀವು ನೋಡಿಲ್ವಾ ಮಾವ?”

“ಎಲ್ಲಿ ನೋಡೋದು? ಕೆಳಗೆ ಕಗ್ಗತ್ತಲು. ಮೂವತ್ತೊಂದು ವರ್ಷ ಬರೀ ಕೈಯಲ್ಲಿ ತಡವಿದ್ದೀನಿ.” ಅವನು ಕಣ್ಣು ಮುಚ್ಚಿ ಗಾಳಿಯಲ್ಲಿ ಎರಡೂ ಕೈ ಚಾಚಿದ. ಬೆರಳುಗಳು ಒಂದೊಂದೇ ಕಡ್ಡಿ ದಾಟಿ, ಮೂರನೆಯದನ್ನು ಹಾರಿಸಿ, ಕೆಳಗಿಳಿದವು. “ತಿರುಪಿನ ಬಲಕ್ಕೆ ಜಾಲರಿ. ಜಾಲರಿಯ ಎರಡನೇ ಸರಳು ಹೊರಗೆ ಬಾಗಿದೆ. ನನ್ನ ಹಗ್ಗವೂ ಅಲ್ಲೇ ಸಿಕ್ಕೊಳ್ತಿತ್ತು. ವೈರು ಅದಕ್ಕೆ ಸುತ್ತಿರುತ್ತೆ, ಮೇಲಿಂದ. ನಿನ್ನ ಆಮೇನ ಬಲಕ್ಕೆ ತಿರುಗ್ಸು.”

ಸ್ಟೋರಪ್ಪ ತಿರುಗಿಸಿದ. ಬಾಗಿದ ಸರಳು, ಅದಕ್ಕೊಂದು ಸುತ್ತು ವೈರು.

“ಬಂದ ದಾರೀಲೇ ಹಿಂದೆ ಬಾ. ಹಾಂ. ಈಗ ಮೇಲೆ ಒಂದು ಮೊಳ. ನಿಧಾನ ಕಣೋ! ಓಡಿ ಎಲ್ಲಿಗೆ ಹೋಗ್ಬೇಕು ನಿಂಗೆ? ಸ್ವಲ್ಪ ಬಲಕ್ಕೆ… ಸಾಕು, ಸಾಕು ಮರಿ. ಈಗ ಬಾ.”

ವೈರು ಸಡಿಲವಾಯಿತು. ಆಮೆ ಮೇಲೆ ಬಂತು. ಗೋಡೆಯ ಮೇಲೆ ಚಪ್ಪಾಳೆ ಬಿತ್ತು. ಇಂಜಿನಿಯರು ಎಲ್ಲರಿಗಿಂತ ಗಟ್ಟಿಯಾಗಿ, “ಎಳೀಲೇಬಾರದು ಅಂತ ನಾನು ಆಗಲೇ ಹೇಳಿದ್ದೆ! ಹೇಳಿದ್ದೆ. ಹೇಳಿದ್ದೆ ಅಲ್ವಾ?” ಎಂದು ಕೇಳಿಕೊಂಡ.

ಸ್ಟೋರಪ್ಪನಿಗೆ ಚಪ್ಪಾಳೆಯೂ ಕೇಳಲಿಲ್ಲ, ಇಂಜಿನಿಯರೂ ಕೇಳಲಿಲ್ಲ. ‘ಬಂತು’ ಅಲ್ಲ, ‘ಬಂದ್ರು’ ಅಲ್ಲ. ‘ಬಾ’ ಎಂದಿದ್ದ ಮಾವ. ‘ಮರಿ’ ಎಂದಿದ್ದ.

ಜನ ಚದುರಿದ ಮೇಲೆ ಮೇಸ್ತ್ರಿ ಒದ್ದೆ ವೈರನ್ನು ಬಟ್ಟೆಯಲ್ಲಿ ಒರೆಸಿ ಸುರುಳಿ ಸುತ್ತಲು ಕೈಹಾಕಿದ. ಸುತ್ತುತ್ತ, ತಲೆ ಎತ್ತದೆ ಕೇಳಿದ:

“ನಾಳೆ ಮತ್ತೆ ಇಳಿಸೋಕಾಗುತ್ತಾ?”

“ಜಾಲರಿ ಕಸ ನೋಡೋದು ಬಾಕಿ ಇದೆ. ಇಳಿಸಲೇಬೇಕು. ಯಾಕೆ ಮಾವ?”

“ನಿಮ್ಮತ್ತೇನ ಕರ್ಕೊಂಡು ಬರ್ತೀನಿ.”

ಮರುದಿನ ಅತ್ತೆ ಬಂದಳು. ಮೂವತ್ತೊಂದು ವರ್ಷ ಗಂಡ ನೀರಿಗಿಳಿದಾಗಲೆಲ್ಲ ಮನೆಯಲ್ಲಿ ಒಲೆಯ ಮುಂದೆ ಕೂತು ಮನಸ್ಸಿನಲ್ಲೇ ನೂರರವರೆಗೆ ಎಣಿಸುತ್ತಿದ್ದ ಹೆಂಗಸು. ಜಲಾಶಯದ ಗೋಡೆ ಹತ್ತಿದ್ದು ಇದೇ ಮೊದಲು. ಕುರ್ಚಿಯಲ್ಲಿ ಕೂರಿಸಿ ಕನ್ನಡಕ ಹಾಕಿಸಿದರು. ಮೇಸ್ತ್ರಿ ಪರದೆಯ ಮೇಲೆ ಬೆರಳಿಟ್ಟು ಮನೆ ತೋರಿಸುವವನಂತೆ ತೋರಿಸಿದ: ಇದು ತಿರುಪು, ಇದು ಬಾಗಿಲು, ಇಲ್ಲಿ ಕಾಲು ಊರಿಕೊಳ್ಳುತ್ತಿದ್ದೆ, ಈ ಬೋಲ್ಟು ನಾನೇ ಹಾಕಿದ್ದು.

ಅತ್ತೆ ದೀಪದ ಬೆಳಕಿನಲ್ಲಿ ಆ ಕೆಸರು ಹಾಸನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಳು.

“ಮೂವತ್ತೊಂದು ವರ್ಷ ಇಲ್ಲೇ ಇದ್ರಾ? ಒಂದು ದಿನನಾದ್ರೂ ಗುಡಿಸಬಾರದಾಗಿತ್ತಾ!”

ಸ್ಟೋರಪ್ಪ ನಕ್ಕ. ಮೇಸ್ತ್ರಿಯೂ ನಕ್ಕ. ಅತ್ತೆ ನಗಲಿಲ್ಲ. ದೀಪದ ಬೆಳಕು ಮುಗಿದು ಕತ್ತಲೆ ಶುರುವಾಗುವ ಪರದೆಯ ಅಂಚನ್ನೇ ನೋಡುತ್ತಿದ್ದಳು.

“ಈ ದೀಪ ಆಗ ಇರಲಿಲ್ಲ ಅಲ್ವಾ?”

“ಇಲ್ಲ.”

“ಹೆದರಿಕೆ ಆಗ್ತಿರಲಿಲ್ವಾ ನಿಮಗೆ?”

ಮೇಸ್ತ್ರಿ ಅಳಿಯನ ಕಡೆ ಒಮ್ಮೆ ನೋಡಿದ. ಅಳಿಯ ಪರದೆಯಿಂದ ಕಣ್ಣು ಕೀಳಲಿಲ್ಲ.

“ಆಗ್ತಿತ್ತು ಕಣೇ,” ಎಂದ ಮೇಸ್ತ್ರಿ. “ಪ್ರತಿ ಸಲವೂ ಆಗ್ತಿತ್ತು.”

ಅತ್ತೆ ಗಂಡನ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಬೆರಳನ್ನು ಒತ್ತತೊಡಗಿದಳು.

ಪರದೆಯ ಮೂಲೆಯಲ್ಲಿ ಬ್ಯಾಟರಿ ಶೇಕಡಾ ಮೂವತ್ತೊಂದು ಎಂದು ತೋರಿಸುತ್ತಿತ್ತು. ಮೂವತ್ತಕ್ಕೆ ಇಳಿದರೆ ಯಂತ್ರವನ್ನು ಮೇಲೆತ್ತಬೇಕೆಂದು ನಿಯಮ. ಆ ಒಂದು ಅಂಕಿ ಉರುಳುವವರೆಗೂ ಸ್ಟೋರಪ್ಪ ಆಮೆಯನ್ನು ತೂಬಿನ ಮುಂದೆ ಅಲುಗಾಡದಂತೆ ಹಿಡಿದು ನಿಲ್ಲಿಸಿದ.